ಕೆಟ್ಟ ಡಿಸ್ಕ್‌ನಿಂದ ಡೇಟಾ ತೆಗೆಯಲು ಕಲಿಯುವವರಿಗೆ 14 ಸೂತ್ರಗಳು

ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಟವೆಲ್‌ನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬೆಂಗಳೂರಿಗೆ ಬಂದಿದ್ದರು. ಊರೂರು ಅಲೆದು ಕೂಡಿಸಿದ ಬೇಸಾಯದ ಮಾತುಗಳ ಪಟ್ಟಿ ಅದರಲ್ಲಿತ್ತು. ನೇಗಿಲಿನ ಒಂದೊಂದು ಭಾಗಕ್ಕೂ ಒಂದೊಂದು ಸೀಮೆಯಲ್ಲಿರುವ ಹೆಸರು, ಮಳೆಯ ಹೆಸರು, ದನದ ಕಾಯಿಲೆಯ ಹೆಸರು. "ಟಕ್ ಟಕ್ ಅಂತಿತ್ತು ಸಾರ್. ನಮ್ಮ ಅಳಿಯಂದಿರು ಯಾವುದೋ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲ ಓಡಿಸಿದ್ರು. ಬೆಳಗ್ಗೆ ನೋಡಿದ್ರೆ ಸದ್ದೇ ಇಲ್ಲ." ಡಿಸ್ಕ್ ಒಳಗಿನ ತಟ್ಟೆಯ ಮೇಲೆ ಉಂಗುರದ ಹಾಗೆ ಗೀರು ಬಿದ್ದಿತ್ತು. ಅದರಿಂದ ಒಂದು ಪದವೂ ಬರಲಿಲ್ಲ.

ಅಳಿಯನದು ತಪ್ಪು ಎನ್ನಲಾರೆ. ಮಾವನ ಕೆಲಸ ಉಳಿಸಬೇಕು ಎಂಬ ಕಾಳಜಿಯಿಂದಲೇ ಆತ ನಿದ್ದೆಗೆಟ್ಟಿದ್ದ. ಆದರೆ ಏನು ಮಾಡಬಾರದು ಎಂದು ಆತನಿಗೆ ಹೇಳಿದವರಿರಲಿಲ್ಲ. ಈ ಕೆಲಸ ಕಲಿಯಬೇಕೆಂದು ನನ್ನ ಬಳಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಅದನ್ನೇ.

1. ಮೊದಲು ಕರೆಂಟ್ ತೆಗೆಯಿರಿ

ಸದ್ದು ಬದಲಾಯಿತೇ, ಫೋಲ್ಡರ್ ತೆರೆಯಲು ಎಂದಿಗಿಂತ ಹೊತ್ತು ಹಿಡಿಯುತ್ತಿದೆಯೇ, ಆ ಕ್ಷಣವೇ ವೈರ್ ಕಿತ್ತುಬಿಡಿ. 3.5 ಇಂಚಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅಂದರೆ ತಟ್ಟೆಯ ಅಂಚು ಗಂಟೆಗೆ 120 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹೆಡ್ ತುಸು ಬಾಗಿ ತಟ್ಟೆಗೆ ತಾಗಿದರೆ ಪ್ರತಿ ಸುತ್ತಿಗೂ ಕಾಂತೀಯ ಲೇಪ ಒಂದಿಷ್ಟು ಕೆರೆದುಹೋಗುತ್ತದೆ. ಪುಡಿಯಾದ ಲೇಪವನ್ನು ಯಾವ ಸಾಫ್ಟ್‌ವೇರೂ ಓದಲಾರದು.

2. ಕಾಯಿಲೆ ಯಾವುದೆಂದು ಮೊದಲು ಗುರುತಿಸಿ

ಡಿಸ್ಕ್ ಕೆಡುವ ಬಗೆಗಳನ್ನು ನಾನು ನಾಲ್ಕಾಗಿ ಎಣಿಸುತ್ತೇನೆ. ಡಿಸ್ಕ್ ಗಟ್ಟಿಯಾಗಿದ್ದು ಫೈಲ್ ಡಿಲೀಟ್ ಆಗಿರುವುದು, ಫಾರ್ಮ್ಯಾಟ್ ಆಗಿರುವುದು, ಪಾರ್ಟಿಶನ್ ಹಾಳಾಗಿರುವುದು ಮೊದಲ ಬಗೆ. ಹೊರಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟಿರುವುದು ಎರಡನೆಯದು. ಒಳಗಿನ ಫರ್ಮ್‌ವೇರ್ ಕೆಟ್ಟಿರುವುದು ಮೂರನೆಯದು. ಹೆಡ್, ಮೋಟಾರ್, ತಟ್ಟೆ ಕೆಟ್ಟಿರುವುದು ಕೊನೆಯದು.

ಕಿವಿ ಬಳಸಿ. ಚೂರೂ ಸದ್ದಿಲ್ಲ, ಕೈಗೆ ತಿರುಗುವ ಕಂಪನವೂ ಇಲ್ಲ ಎಂದರೆ ಬೋರ್ಡ್ ಮೇಲೆ ಅನುಮಾನ ಪಡಿ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿದುಕೊಂಡರೆ ಹೆಡ್‌ಗೆ ತನ್ನ ದಾರಿ ಸಿಗುತ್ತಿಲ್ಲ. ಬಿದ್ದ ಲ್ಯಾಪ್‌ಟಾಪ್ ಡಿಸ್ಕ್ ಸಣ್ಣಗೆ ಗುಂಯ್‌ಗುಟ್ಟುತ್ತಾ ತಿರುಗಲು ತಿಣುಕಿದರೆ ಹೆಡ್ ತಟ್ಟೆಗೆ ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಚೆನ್ನಾಗಿ ತಿರುಗುತ್ತಿದೆ, ಆದರೆ ಕಂಪ್ಯೂಟರ್ ಅದರ ಗಾತ್ರವನ್ನು ಸೊನ್ನೆ ಎಂದೋ, ಹೆಸರನ್ನು ಇನ್ನೇನೋ ಎಂದೋ ತೋರಿಸುತ್ತಿದ್ದರೆ ಫರ್ಮ್‌ವೇರ್ ಕಡೆ ನೋಡಿ.

ಡಿಸ್ಕ್ ಮಾತನಾಡುವ ಸ್ಥಿತಿಯಲ್ಲಿದ್ದರೆ ಅದು ತನ್ನ ಆರೋಗ್ಯದ ಲೆಕ್ಕ ಇಡುವ ಸ್ಮಾರ್ಟ್ ಪಟ್ಟಿ ಓದಿ. 5ನೇ ಸಾಲು ಕೆಟ್ಟು ಬದಲಿಯಾದ ಸೆಕ್ಟರ್‌ಗಳ ಲೆಕ್ಕ, 197ನೇ ಸಾಲು ಓದಲಾಗದೆ ಬಾಕಿ ಉಳಿದವುಗಳ ಲೆಕ್ಕ. 197 ಏರುತ್ತಿದ್ದರೆ ಸಮಯ ಕಡಿಮೆ ಇದೆ ಎಂದು ತಿಳಿಯಿರಿ. 199 ಮಾತ್ರ ಏರುತ್ತಿದ್ದರೆ ಡಿಸ್ಕ್‌ಗಿಂತ ಮೊದಲು ಕೇಬಲ್ ಬದಲಿಸಿ ನೋಡಿ. ಎಷ್ಟೋ ಸಲ ಕಾಯಿಲೆ ಇರುವುದು ನೂರು ರೂಪಾಯಿಯ ವೈರ್‌ನಲ್ಲಿ.

3. ಮೂಲ ಡಿಸ್ಕ್ ಮೇಲೆ ಕೆಲಸ ಮಾಡಬೇಡಿ, ನಕಲಿನ ಮೇಲೆ ಮಾಡಿ

ಒಂದೇ ಸೂತ್ರ ನೆನಪಿಡಲು ಸಾಧ್ಯವಾದರೆ ಇದನ್ನು ನೆನಪಿಡಿ. ಫೈಲ್ ಹುಡುಕುವುದು, ಪಾರ್ಟಿಶನ್ ಕಟ್ಟುವುದು, ಅಳಿಸಿದ್ದನ್ನು ಎಬ್ಬಿಸುವುದು, ಇವೆಲ್ಲವೂ ಇಡೀ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ನಕಲಿಸಿಕೊಂಡ ಮೇಲಿನ ಮಾತು. ನಕಲು ಕೆಟ್ಟರೆ ಇನ್ನೊಂದು ಮಾಡಿಕೊಳ್ಳಬಹುದು.

ಸಾಮಾನ್ಯ ಕಾಪಿ ಈ ಕೆಲಸಕ್ಕೆ ಬರುವುದಿಲ್ಲ. ಕೆಟ್ಟ ಸೆಕ್ಟರ್ ಸಿಕ್ಕರೆ ಅದು ಅಲ್ಲೇ ಕೂತು ಡಿಸ್ಕ್‌ನ ಉಸಿರು ಹಿಂಡುತ್ತದೆ. ಇದಕ್ಕೆಂದೇ ಆಂಟೋನಿಯೋ ಡಿಯಾಸ್ ಡಿಯಾಸ್ ಬರೆದ ಗ್ನೂ ಡಿಡಿರೆಸ್ಕ್ಯೂ ಇದೆ, ಉಚಿತ, ಲಿನಕ್ಸ್‌ನಲ್ಲಿ ಓಡುತ್ತದೆ. ಅದರ ಬುದ್ಧಿ ಹಣ್ಣು ಕೀಳುವವರ ಬುದ್ಧಿ: ಕೈಗೆಟುಕುವುದನ್ನೆಲ್ಲ ಮೊದಲು ಕಿತ್ತು ಬುಟ್ಟಿಗೆ ಹಾಕಿಕೊಂಡು, ತುದಿಯ ಕೊಂಬೆಗೆ ಕೊನೆಯಲ್ಲಿ ಕೈ ಹಾಕುತ್ತದೆ. ಯಾವ ಭಾಗ ಬಂತು, ಯಾವುದು ಬಾಕಿ ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಮಧ್ಯದಲ್ಲಿ ನಿಲ್ಲಿಸಿ, ಡಿಸ್ಕ್ ತಣಿದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಬಹುದು. ಮ್ಯಾಪ್ ಫೈಲ್ ಕೊಡದೆ ಇದನ್ನು ಎಂದೂ ಓಡಿಸಬೇಡಿ.

ಒಂದು ಎಚ್ಚರಿಕೆ. ಎಲ್ಲಿಂದ, ಎಲ್ಲಿಗೆ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್‌ನ ಸೊನ್ನೆಗಳು ಗ್ರಾಹಕರ ಡೇಟಾ ಮೇಲೆ ಸುರಿಯುತ್ತವೆ, ಹಿಂದಕ್ಕೆ ಬರುವ ದಾರಿಯೇ ಇರುವುದಿಲ್ಲ. ನಾನು ಇಂದಿಗೂ ಎರಡೂ ಡಿಸ್ಕ್‌ಗಳ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದು, ಪರದೆಯ ಮೇಲಿರುವುದಕ್ಕೆ ಬೆರಳಿಟ್ಟು ತಾಳೆ ನೋಡಿ, ಆಮೇಲೆ ಎಂಟರ್ ಒತ್ತುತ್ತೇನೆ.

4. 'ಫಾರ್ಮ್ಯಾಟ್ ಮಾಡಲೇ?' ಎಂದರೆ ಬೇಡ ಎನ್ನಿ

ವಿಂಡೋಸ್‌ಗೆ ಡಿಸ್ಕ್ ಅರ್ಥವಾಗದಿದ್ದಾಗ ಅದು ಕೇಳುವ ಪ್ರಶ್ನೆ ಇದು. ಚೆಕ್ ಡಿಸ್ಕ್ ಕೂಡ ಓಡಿಸಬೇಡಿ. ಅದರ ಗುರಿ ಫೈಲ್ ವ್ಯವಸ್ಥೆಯನ್ನು ನೆಟ್ಟಗೆ ನಿಲ್ಲಿಸುವುದು, ಅದಕ್ಕಾಗಿ ಹೊಂದದ ದಾಖಲೆಗಳನ್ನು ಅದು ಕತ್ತರಿಸಿ ಹಾಕುತ್ತದೆ. ನಮಗೆ ಬೇಕಾಗಿದ್ದು ಅದೇ ದಾಖಲೆಗಳು. ಜೋಡಿಸಿದ ಡಿಸ್ಕ್‌ಗೆ ತಾನಾಗಿಯೇ ಏನೂ ಬರೆಯದ ಲಿನಕ್ಸ್ ಪೆನ್ ಡ್ರೈವ್ ಒಂದನ್ನು ಸಿದ್ಧಮಾಡಿ ಜೇಬಿನಲ್ಲಿಟ್ಟುಕೊಳ್ಳಿ.

5. ಹೆಕ್ಸ್ ಓದುವುದನ್ನು ಅಕ್ಷರಾಭ್ಯಾಸದಂತೆ ಕಲಿಯಿರಿ

ಬಟನ್ ಒತ್ತಿ ಫೈಲ್ ತೆಗೆಯುವವರು ಬಹಳ. ಬಟನ್ ಸೋತಾಗ ಏನು ಮಾಡಬೇಕೆಂದು ತಿಳಿದವರು ಕಡಿಮೆ, ಮತ್ತು ಆ ತಿಳಿವಳಿಕೆ ಬರುವುದು ಡಿಸ್ಕನ್ನು ಬೈಟ್ ಬೈಟಾಗಿ ನೋಡುವುದರಿಂದ. ಹೆಕ್ಸ್ ಎಂದರೆ ಹದಿನಾರರ ಲೆಕ್ಕ: 0ಯಿಂದ 9, ಆಮೇಲೆ ಎ ಇಂದ ಎಫ್.

ಹಳೆಯ ಕ್ರಮದ ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್ ತೆರೆಯಿರಿ. 512 ಬೈಟ್‌ಗಳ ಕೊನೆಯಲ್ಲಿ 55 ಎಎ ಇರಬೇಕು. ಅದಕ್ಕೆ ಮುಂಚಿನ 64 ಬೈಟ್‌ಗಳಲ್ಲಿ ತಲಾ 16 ಬೈಟಿನ ನಾಲ್ಕು ಪಾರ್ಟಿಶನ್ ದಾಖಲೆಗಳಿರುತ್ತವೆ. ಇಷ್ಟು ಚಿಕ್ಕ ಜಾಗ ಅಳಿಸಿದರೆ ಸಾಕು, ಒಂದು ಟೆರಾಬೈಟ್ ಡಿಸ್ಕ್ ಖಾಲಿಯಂತೆ ಕಾಣುತ್ತದೆ. ಡೇಟಾ ಎಲ್ಲಿಗೂ ಹೋಗಿರುವುದಿಲ್ಲ. ಕ್ರಿಸ್ಟೋಫ್ ಗ್ರೆನಿಯೇ ಬರೆದ ಉಚಿತ ಟೆಸ್ಟ್‌ಡಿಸ್ಕ್ ಪಾರ್ಟಿಶನ್‌ಗಳ ಆರಂಭವನ್ನು ಹುಡುಕಿ ಆ ಪಟ್ಟಿಯನ್ನು ಮತ್ತೆ ಕಟ್ಟಿಕೊಡುತ್ತದೆ.

ಫ್ಯಾಟ್ ಮಾದರಿಯ ಪೆನ್ ಡ್ರೈವ್‌ನಲ್ಲಿ ಫೈಲ್ ಡಿಲೀಟ್ ಮಾಡಿದರೆ ಅದರ ಹೆಸರಿನ ಮೊದಲ ಬೈಟ್ ಇ5 ಆಗುತ್ತದೆ, ಜೊತೆಗೆ ಅದು ಹಿಡಿದಿದ್ದ ಜಾಗ ಖಾಲಿ ಎಂದು ಪಟ್ಟಿಯಲ್ಲಿ ಗುರುತಾಗುತ್ತದೆ. ಒಳಗಿನ ಸರಕಿಗೆ ಇನ್ನೂ ಯಾರೂ ಕೈ ಹಚ್ಚಿರುವುದಿಲ್ಲ. ಇದನ್ನು ನೀವೇ ಕಣ್ಣಾರೆ ನೋಡಿದ ದಿನ, ಕಾರ್ಡ್‌ಗೆ ಹೊಸದಾಗಿ ಏನನ್ನೂ ಬರೆಯಬೇಡಿ ಎಂದು ಹಿರಿಯರು ಏಕೆ ಬೇಡಿಕೊಳ್ಳುತ್ತಾರೆ ಎಂಬುದು ತಿಳಿಯುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಸಾಮಾನ್ಯವಾಗಿ 1,024 ಬೈಟಿನ ಒಂದು ದಾಖಲೆ. ತೀರಾ ಚಿಕ್ಕ ಫೈಲಾದರೆ ಅದರ ವಿಷಯವೂ ಅದೇ ದಾಖಲೆಯೊಳಗೆ ಕೂತಿರುತ್ತದೆ.

ಇನ್ನು ಫೈಲ್‌ಗಳ ಹಣೆಬರಹ. ಜೆಪೆಗ್ ಚಿತ್ರ ಎಫ್‌ಎಫ್ ಡಿ8 ಎಫ್‌ಎಫ್ ಎಂದು ಶುರುವಾಗಿ ಎಫ್‌ಎಫ್ ಡಿ9 ಎಂದು ಮುಗಿಯುತ್ತದೆ. ಪಿಡಿಎಫ್ 25 50 44 46. ಜಿಪ್ ಫೈಲ್ 50 4ಬಿ. ಇದು ಆ ಮಾದರಿಯನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು, ಇಂದಿನ ವರ್ಡ್ ಮತ್ತು ಎಕ್ಸೆಲ್ ಫೈಲ್‌ಗಳೂ ಒಳಗೆ ಜಿಪ್‌ಗಳೇ. ಗ್ರೆನಿಯೇ ಅವರದೇ ಫೋಟೋರೆಕ್ ಈ ಗುರುತುಗಳನ್ನು ಹಿಡಿದು ಫೈಲ್ ಹೆಕ್ಕುತ್ತದೆ. ಹೆಸರು, ಫೋಲ್ಡರ್ ಉಳಿಯುವುದಿಲ್ಲ. ಚೂರುಚೂರಾಗಿ ಬೇರೆಬೇರೆ ಕಡೆ ಬಿದ್ದ ಫೈಲ್ ಅರ್ಧಕ್ಕೇ ಕೆಡಬಹುದು. ಆದ್ದರಿಂದ ಅದನ್ನು ಮೊದಲ ಅಸ್ತ್ರವಾಗಿ ಬಳಸದೆ ಕೊನೆಗೆ ಇಟ್ಟುಕೊಳ್ಳಿ.

6. ಕನ್ನಡದ ಬೈಟ್‌ಗಳನ್ನು ಗುರುತಿಸಲು ಕಲಿಯಿರಿ

ಇದನ್ನು ಯಾವ ತರಗತಿಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ. ನಮ್ಮ ಕಡೆ ಕೆಲಸ ಮಾಡುವವರಿಗೆ ಇದು ಬೇಕೇ ಬೇಕು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ಯಿಂದ 0ಸಿಎಫ್‌ಎಫ್‌ವರೆಗಿನ ಜಾಗ. ಯುಟಿಎಫ್-8ರಲ್ಲಿ ಉಳಿಸಿದಾಗ ಒಂದೊಂದು ಸಂಕೇತವೂ ಮೂರು ಬೈಟ್ ಆಗಿ, ಮೊದಲೆರಡು ಇ0 ಬಿ2 ಅಥವಾ ಇ0 ಬಿ3 ಆಗಿರುತ್ತವೆ. ಹೆಕ್ಸ್ ಪರದೆಯಲ್ಲಿ ಇ0 ಬಿ2, ಇ0 ಬಿ3 ಸಾಲುಸಾಲಾಗಿ ಬರುತ್ತಿದ್ದರೆ ನಿಮ್ಮ ಮುಂದಿರುವುದು ಕನ್ನಡ ಬರಹ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಕಥೆಯೇ ಬೇರೆ. ಅಲ್ಲಿ ಅಕ್ಷರಗಳು ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. 'ಕನ್ನಡ' ಎಂಬ ಪದ 50 ಸಿ0 ಎ3 ಸಿ0 ಡಿಎಫ್ 71 ಸಿ0 ಎಂದು ಕಾಣುತ್ತದೆ. ಸಿ0 ಎಂಬುದು ತಲೆಕಟ್ಟು. ಕನ್ನಡದಲ್ಲಿ ತಲೆಕಟ್ಟಿಗೆ ಬರವೇ ಇಲ್ಲವಾದ್ದರಿಂದ ಪುಟದ ತುಂಬ ಸಿ0 ಚೆಲ್ಲಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಂಥ ಫೈಲ್ ತೆರೆದ ಹೊಸಬರು ಕಸ ಬಂದಿದೆ, ರಿಕವರಿ ಸೋತಿತು ಎಂದು ಅದನ್ನು ಎಸೆಯುವುದನ್ನು ಕಂಡಿದ್ದೇನೆ. ಫೈಲ್ ಸರಿಯಾಗಿಯೇ ಬಂದಿತ್ತು. ಫಾಂಟ್ ಹಾಕಿದ್ದರೆ ಸಾಕಿತ್ತು. ನಾಡಿನ ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಪತ್ರಿಕೆಗಳ ಕಚೇರಿಗಳಲ್ಲಿ ಇಂಥ ಬರಹ ರಾಶಿ ರಾಶಿ ಇದೆ. ಅದನ್ನು ಗುರುತಿಸಬಲ್ಲ ಕಣ್ಣು ಹೆಚ್ಚು ಜನರಿಗೆ ಬರಲಿ ಎಂಬುದು ನನ್ನ ಹಂಬಲ.

7. ನೀವೇ ಕೆಡಿಸಿ, ನೀವೇ ತೆಗೆಯಿರಿ

ಹಳೆಯ 8 ಜಿಬಿ ಪೆನ್ ಡ್ರೈವ್ ತೆಗೆದುಕೊಳ್ಳಿ. ಪೂರ್ತಿ ಸೊನ್ನೆ ತುಂಬಿ, ಫಾರ್ಮ್ಯಾಟ್ ಮಾಡಿ. ನೂರು ಫೈಲ್ ಹಾಕಿ, ಪ್ರತಿಯೊಂದರ ಶಾ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಬರೆದಿಡಿ. ಒಂದು ದಿನ ಅರ್ಧ ಡಿಲೀಟ್ ಮಾಡಿ ತೆಗೆಯಿರಿ. ಮರುದಿನ ಮತ್ತೆ ಫಾರ್ಮ್ಯಾಟ್ ಮಾಡಿ ತೆಗೆಯಿರಿ. ಇನ್ನೊಂದು ದಿನ ಮೊದಲ ಸೆಕ್ಟರ್ ಅಳಿಸಿ, ಪಾರ್ಟಿಶನ್ ದಾಖಲೆಯನ್ನು ಕೈಯಿಂದಲೇ ಬರೆಯಿರಿ. ಪ್ರತಿ ಸಲವೂ ಹ್ಯಾಶ್ ತಾಳೆ ನೋಡಿ. ಫೈಲ್ ತೆರೆಯಿತು ಎಂಬುದು ಅದು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಹ್ಯಾಶ್ ಮಾತ್ರ ಸಾಕ್ಷಿ.

ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರಸ್ತೆಯಲ್ಲಿ ಕೆಟ್ಟ ಡಿಸ್ಕ್‌ಗಳನ್ನು ವಿಚಾರಿಸಿ. ಬಿಚ್ಚಿ ನೋಡಲು, ಹೆಡ್ ಕಳಚಿ ಜೋಡಿಸಿ ಕೈ ಪಳಗಿಸಲು ಅವು ಸಾಕು. ಇನ್ನೂ ಓಡುವ ಹಳೆಯ ಡಿಸ್ಕ್ ಸಿಕ್ಕರೆ ಅದರಲ್ಲಿ ಯಾರದೋ ಮದುವೆ, ಯಾರದೋ ಬ್ಯಾಂಕ್ ಪಾಸ್‌ಬುಕ್ ಇರಬಹುದು. ತೆರೆಯದೆ ಅಳಿಸಿ, ಆಮೇಲೆ ಅಭ್ಯಾಸ ಮಾಡಿ.

8. ಬೋರ್ಡ್ ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ

ತಪ್ಪು ಅಡಾಪ್ಟರ್ ಚುಚ್ಚಿ ಸತ್ತ ಡಿಸ್ಕ್‌ಗಳಲ್ಲಿ ಅನೇಕ ಸಲ ಸುಟ್ಟಿರುವುದು ಟಿವಿಎಸ್ ಡಯೋಡ್ ಮಾತ್ರ. ಹೆಚ್ಚಿನ ವೋಲ್ಟೇಜ್ ಬಂದಾಗ ತಾನು ಶಾರ್ಟ್ ಆಗಿ ಉಳಿದ ಬೋರ್ಡನ್ನು ಕಾಯುವುದೇ ಅದರ ಕೆಲಸ. ಅದು ಶಾರ್ಟ್ ಎಂದು ಮೀಟರ್ ತೋರಿಸಿದರೆ, ಬೋರ್ಡ್‌ನ ಬೇರೆ ಭಾಗಗಳನ್ನೂ ಪರೀಕ್ಷಿಸಿ, ಆ ಡಯೋಡನ್ನು ಎತ್ತಿ ತೆಗೆದು, ಸರಿಯಾದ ವೋಲ್ಟೇಜ್ ಕೊಟ್ಟು ನಕಲು ಮಾಡಿಕೊಳ್ಳಬಹುದು. ಆಮೇಲೆ ಆ ಡಿಸ್ಕನ್ನು ದಿನಬಳಕೆಗೆ ಇಟ್ಟುಕೊಳ್ಳಬೇಡಿ, ಅದಕ್ಕಿನ್ನು ಕಾವಲಿಲ್ಲ.

ಅದೇ ಮಾಡೆಲ್‌ನ ಬೇರೆ ಬೋರ್ಡ್ ತಂದು ಕೂರಿಸಿದರೆ ಮುಗಿಯಿತು ಎಂಬ ನಂಬಿಕೆ ಇಂದಿನ ಡಿಸ್ಕ್‌ಗಳಿಗೆ ಹೊಂದುವುದಿಲ್ಲ. ಆಯಾ ಡಿಸ್ಕ್‌ಗೆ ಕಾರ್ಖಾನೆಯಲ್ಲಿ ಅಳೆದು ಬರೆದ ಲೆಕ್ಕಗಳು ಬೋರ್ಡ್ ಮೇಲಿನ ರಾಮ್ ಚಿಪ್‌ನಲ್ಲಿರುತ್ತವೆ, ಇದು ರ‍್ಯಾಮ್ ಅಲ್ಲ, ಓದಲು ಮಾತ್ರದ ಚಿಪ್. ಸಾಮಾನ್ಯವಾಗಿ ಎಂಟು ಕಾಲಿನದು. ಅದನ್ನು ಹಳೆಯ ಬೋರ್ಡಿನಿಂದ ಹೊಸದಕ್ಕೆ ಸಾಗಿಸಬೇಕು. ಹಾಟ್ ಏರ್‌ನಲ್ಲಿ ಬೆಸುಗೆ ಬಿಡಿಸಿ ಕೂರಿಸುವುದನ್ನು ಮೊಬೈಲ್ ರಿಪೇರಿ ಮಾಡುವವರ ಪಕ್ಕದಲ್ಲಿ ಎರಡು ತಿಂಗಳು ಕೂತು ಕಲಿಯಿರಿ. ಅವರಿಗಿಂತ ಒಳ್ಳೆಯ ಗುರು ಸಿಗುವುದಿಲ್ಲ.

9. ಮುಚ್ಚಳ ತೆರೆಯಬೇಡಿ, ಫ್ರಿಜ್‌ನಲ್ಲಿ ಇಡಬೇಡಿ

ತಲೆಗೂದಲಿಗಿಂತ ಎಷ್ಟೋ ಪಟ್ಟು ಕಿರಿದಾದ ಆ ಸಂದಿಗೆ ಧೂಳಿನ ಕಣವೇ ಬಂಡೆ. ಹೆಡ್ ಬದಲಿಸುವ ಕೆಲಸಕ್ಕೆ ಶುದ್ಧಗಾಳಿಯ ಕೋಣೆ ಅಥವಾ ಲ್ಯಾಮಿನಾರ್ ಫ್ಲೋ ಮೇಜು, ಹೆಡ್ ತಟ್ಟೆಗೆ ತಾಗದಂತೆ ಹಿಡಿಯುವ ಉಪಕರಣ, ಅದೇ ಜಾತಿಯ ಇನ್ನೊಂದು ಡಿಸ್ಕ್, ಇವೆಲ್ಲ ಬೇಕು. 2013ರಿಂದ ಮಾರುಕಟ್ಟೆಗೆ ಬಂದ ಹೀಲಿಯಂ ತುಂಬಿದ ಡಿಸ್ಕ್‌ಗಳನ್ನಂತೂ ಬೆಸೆದು ಮುಚ್ಚಿರುತ್ತಾರೆ. ಫ್ರಿಜ್ ಉಪಾಯ ಹೇಳುವವರು ಈಗಲೂ ಇದ್ದಾರೆ. ಹೊರಗೆ ತೆಗೆದೊಡನೆ ತಣ್ಣಗಿನ ತಟ್ಟೆಯ ಮೇಲೆ ಇಬ್ಬನಿ ಕೂರುತ್ತದೆ, ಅದರ ಮೇಲೆ ಹೆಡ್ ಓಡುತ್ತದೆ. ಬೇಡ.

10. ಎಸ್‌ಎಸ್‌ಡಿ ಬಂದರೆ ಹಳೆಯ ಅಂದಾಜು ಬಿಡಿ

ಇಲ್ಲಿ ತಟ್ಟೆ ಇಲ್ಲ, ಸದ್ದಿಲ್ಲ, ಮುನ್ಸೂಚನೆಯೂ ಕಡಿಮೆ. ಫೈಲ್ ಡಿಲೀಟ್ ಆದೊಡನೆ ಈ ಜಾಗ ಇನ್ನು ಬೇಕಿಲ್ಲ ಎಂದು ಕಂಪ್ಯೂಟರ್ ಎಸ್‌ಎಸ್‌ಡಿಗೆ ತಿಳಿಸುತ್ತದೆ. ಟ್ರಿಮ್ ಎಂಬ ಈ ಆಜ್ಞೆ ವಿಂಡೋಸ್ 7ರ ಕಾಲದಿಂದ ಇದೆ. ಆಮೇಲೆ ಕರೆಂಟ್ ಇರುವಷ್ಟು ಹೊತ್ತೂ ಒಳಗಿನ ಕಂಟ್ರೋಲರ್ ಆ ಜಾಗವನ್ನು ತನ್ನಷ್ಟಕ್ಕೆ ಅಳಿಸುತ್ತಾ ಹೋಗಬಹುದು. ಹೀಗಾಗಿ ಎಸ್‌ಎಸ್‌ಡಿಯಿಂದ ಅಳಿಸಿದ ಫೈಲ್ ಬರುತ್ತದೆಂದು ಯಾರಿಗೂ ಮಾತು ಕೊಡಬೇಡಿ. ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ಕೀ ಎಲ್ಲಿದೆ ಎಂದು ಮೊದಲೇ ಕೇಳಿ. ಕೀ ಇಲ್ಲದಿದ್ದರೆ ಇಡೀ ನಕಲು ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ಕೆಲವು ಹೊರಗಿನ ಯುಎಸ್‌ಬಿ ಡಿಸ್ಕ್‌ಗಳು ಪಾಸ್‌ವರ್ಡ್ ಹಾಕದಿದ್ದರೂ ತಮ್ಮ ಪುಟ್ಟ ಬೋರ್ಡ್ ಮೂಲಕ ಡೇಟಾ ಗೂಢಲಿಪಿ ಮಾಡಿರುತ್ತವೆ. ಪೆಟ್ಟಿಗೆ ಒಡೆದು ಆ ಬೋರ್ಡ್ ಎಸೆಯಬೇಡಿ.

11. ರೇಡ್ ಪೆಟ್ಟಿಗೆ ಬಂದರೆ ಮಾರ್ಕರ್ ಹಿಡಿಯಿರಿ

ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿದ ಪೆಟ್ಟಿಗೆ ಇದು. ಡಿಸ್ಕ್ ಹೊರಗೆಳೆಯುವ ಮೊದಲು ಯಾವ ಗೂಡಿನಿಂದ ಯಾವುದು ಎಂದು ಪ್ರತಿಯೊಂದರ ಮೇಲೂ ಸಂಖ್ಯೆ ಬರೆಯಿರಿ, ಫೋಟೋ ತೆಗೆಯಿರಿ. ಎಲ್ಲ ಡಿಸ್ಕ್‌ಗಳ ನಕಲು ಆಗುವವರೆಗೆ ರೀಬಿಲ್ಡ್ ಒತ್ತಬೇಡಿ.

12. ಕೊಲಂಬಿಯಾದ ಡಿಸ್ಕ್ ನೆನಪಿಡಿ

2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಆಕಾಶದಲ್ಲೇ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಸುಮಾರು ಆರು ತಿಂಗಳ ಬಳಿಕ, ಒಣಗಿದ ಕೆರೆಯಂಗಳವೊಂದರಲ್ಲಿ ಸಿಕ್ಕ ಅವಶೇಷದಲ್ಲಿ ಒಂದು ಸೀಗೇಟ್ ಡಿಸ್ಕ್ ಇತ್ತು. ಲೋಹ ಸುಟ್ಟು, ಧೂಳು ತಡೆಯುವ ಸೀಲ್ ಕರಗಿ, ಒಳಗೆಲ್ಲ ಮಣ್ಣು ಸೇರಿತ್ತು. ಕ್ರಾಲ್ ಆನ್‌ಟ್ರ್ಯಾಕ್ ಸಂಸ್ಥೆಯ ಜಾನ್ ಎಡ್ವರ್ಡ್ಸ್ ತಟ್ಟೆಗಳನ್ನು ತೊಳೆದು ಬೇರೆ ಡ್ರೈವ್‌ಗೆ ಕೂರಿಸಿ ಸುಮಾರು ಶೇಕಡಾ 99ರಷ್ಟು ಡೇಟಾ ತೆಗೆದರು. ಜೀನಾನ್ ಅನಿಲದ ಸ್ನಿಗ್ಧತೆಯ ಮೇಲೆ ನೌಕೆಯಲ್ಲಿ ನಡೆಸಿದ್ದ ಪ್ರಯೋಗದ ಫಲ ಅದರಲ್ಲಿತ್ತು. ಆ ಪ್ರಯೋಗದ ಪ್ರಬಂಧ 2008ರಲ್ಲಿ ಪ್ರಕಟವಾಯಿತು.

ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ವಿವರ ಒಂದಿದೆ. ಆ ಡಿಸ್ಕ್ ಅರ್ಧ ಮಾತ್ರ ತುಂಬಿತ್ತು. ಅದು ಡಾಸ್ ವ್ಯವಸ್ಥೆಯದಾದ್ದರಿಂದ ಡೇಟಾ ಅಲ್ಲಲ್ಲಿ ಹರಡದೆ ಒಂದೇ ಕಡೆ ಸಾಲಾಗಿ ಕೂತಿತ್ತು. ತಟ್ಟೆಯ ಮೇಲಿನ ಗುಳಿಗಳು ಬಿದ್ದಿದ್ದು ಏನೂ ಬರೆಯದ ಜಾಗದಲ್ಲಿ. ಹೊರಗಿನ ರೂಪ ನೋಡಿ ಯಾವ ಡಿಸ್ಕನ್ನೂ ಸತ್ತಿತು ಎನ್ನಬೇಡಿ. ಎಲ್ಲಿ ಪೆಟ್ಟು ಬಿದ್ದಿದೆ, ಡೇಟಾ ಎಲ್ಲಿದೆ, ಇವೆರಡನ್ನು ಬೇರೆಬೇರೆಯಾಗಿ ಕೇಳಿಕೊಳ್ಳಿ.

13. ನಿಮ್ಮ ಮಿತಿಯನ್ನು ಬಾಯಿಬಿಟ್ಟು ಹೇಳಿ

ರಷ್ಯಾದ ಏಸ್ ಲ್ಯಾಬ್‌ನ ಪಿಸಿ-3000ದಂಥ ಉಪಕರಣ ದುಬಾರಿ, ಕಲಿಯಲು ವರ್ಷಗಳೇ ಬೇಕು. ಅದು ಇಲ್ಲದೆ ಫರ್ಮ್‌ವೇರ್ ಕೆಲಸಕ್ಕೆ ಕೈ ಹಾಕಬೇಡಿ. "ಇದು ನನ್ನಿಂದಾಗದು, ದೊಡ್ಡ ಲ್ಯಾಬ್‌ಗೆ ಕೊಡಿ, ಅಲ್ಲಿಯವರೆಗೆ ಕರೆಂಟ್ ಕೊಡಬೇಡಿ" ಎಂದು ಹೇಳಿ ಕಳಿಸಿದ ಗ್ರಾಹಕರು ನನ್ನ ಬಳಿಗೆ ಮತ್ತೆ ಬಂದಿದ್ದಾರೆ. ಕೆಲಸ ಮುಗಿದ ಮೇಲೆ ನಕಲನ್ನು ಯಾವಾಗ ಅಳಿಸುತ್ತೀರಿ ಎಂದು ಬರೆದುಕೊಡಿ, ಹೇಳಿದ ದಿನ ಅಳಿಸಿ. ಕೋರ್ಟಿಗೆ ಹೋಗುವ ಡೇಟಾ ಆದರೆ ಯಾರಿಂದ ಯಾವಾಗ ಪಡೆದಿರಿ ಎಂಬುದೂ, ಮೊದಲ ನಕಲಿನ ಹ್ಯಾಶೂ ದಾಖಲಾಗಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಬೇಕು.

14. ಬೇರೆಲ್ಲಿ ಇರಬಹುದು ಎಂದು ಕೇಳಿ

ಸ್ಕ್ರೂಡ್ರೈವರ್ ಎತ್ತುವ ಮೊದಲು, ಇಲ್ಲವೇ ಎಲ್ಲ ಸೋತ ಮೇಲೆ, ಕುರ್ಚಿ ಎಳೆದು ಕೂತು ಮಾತನಾಡಿಸಿ. ಯಾರಿಗಾದರೂ ಇಮೇಲ್ ಮಾಡಿದ್ದಿರಾ? ಪ್ರೆಸ್‌ಗೆ ಕೊಟ್ಟಿದ್ದಿರಾ? ಹಳೆಯ ಫೋನ್ ಇದೆಯಾ? ಪಿಕ್ಸಾರ್‌ನ 'ಟಾಯ್ ಸ್ಟೋರಿ 2' ಸಿನಿಮಾದ ಫೈಲ್‌ಗಳು ತಯಾರಿಕೆಯ ನಡುವೆ ಅಳಿಸಿಹೋಗಿ, ಬ್ಯಾಕಪ್ ಕೂಡ ಕೈಕೊಟ್ಟಾಗ ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರ್‌ನಲ್ಲಿದ್ದ ಪ್ರತಿ.

ಹಾಸನದ ಮೇಷ್ಟ್ರನ್ನೂ ಹಾಗೆಯೇ ಕೇಳಿದೆ. ಬಹಳ ಹೊತ್ತು ಯೋಚಿಸಿ, "ಒಂದ್ಸಲ ಪ್ರಿಂಟ್ ತೆಗೆಸೋಕೆ ಪೆನ್ ಡ್ರೈವಿಗೆ ಹಾಕಿಸಿದ್ದೆ ಸಾರ್, ಆಮೇಲೆ ಮೊಮ್ಮಗಳು ಅದರಲ್ಲಿ ಹಾಡು ತುಂಬ್ಕೊಂಡ್ಳು" ಎಂದರು. ಮುಂದಿನ ವಾರ ಅದನ್ನು ತಂದರು. ನಕಲು ಮಾಡಿಕೊಂಡೆ. ಹಳೆಯ ಫೈಲಿನ ಹೆಸರಿರಲಿಲ್ಲ, ಆರಂಭದ ಗುರುತೂ ಹಾಡುಗಳ ಅಡಿಗೆ ಸಿಕ್ಕಿ ಹೋಗಿತ್ತು, ಫೋಟೋರೆಕ್‌ಗೆ ಅದು ಕಾಣಲಿಲ್ಲ. ಖಾಲಿ ಜಾಗದಲ್ಲಿ ಸಿ0 ದಟ್ಟವಾಗಿರುವ ಕಡೆಗಳನ್ನು ಹುಡುಕುತ್ತಾ ಹೋದೆ. ಎರಡನೆಯ ದಿನ ಸಂಜೆ ಪರದೆಯ ಮೇಲೆ ಸಿ0, ಸಿ0, ಸಿ0. ಬೈಟ್‌ಗಳನ್ನು ಕತ್ತರಿಸಿ ನುಡಿ ಫಾಂಟ್ ಹಾಕಿದರೆ 'ದ'ದಿಂದ ಕೊನೆಯವರೆಗಿನ ಪದಗಳು ಬಂದವು. ಮೊದಲರ್ಧ ಹಾಡಿನ ಕೆಳಗೆ ಹೋಗಿತ್ತು.

ಪ್ರಿಂಟ್ ತೆಗೆದು ಕೊಟ್ಟೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ನಾಲ್ಕು ಪುಟ ಓದಿ, 'ಮಿಣಿ' ಎಂಬ ಪದದ ಪಕ್ಕ ಪೆನ್ನಿನಲ್ಲಿ ಏನೋ ತಿದ್ದಿದರು. ಮೊದಲರ್ಧವನ್ನು 'ಅ'ದಿಂದ ಮತ್ತೆ ಶುರು ಮಾಡಿದ್ದಾರೆ. ಈ ಸಲ ಮೂರು ಪ್ರತಿ ಇಡುತ್ತಿದ್ದಾರೆ, ಒಂದು ಮಗಳ ಮನೆಯಲ್ಲಿ.